ಹೊಸ್ತಿಲಾಚೆಯ ಮರದ ಜೋಡು

ಇವತ್ತೂ ಜೋಡು ಹೊರಗಿತ್ತು.

ಬದರಿನಾಥ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಮೇಜಿನ ಮೇಲಿನ ಪುಟ್ಟ ಮನೆಯ ಹೊಸ್ತಿಲಾಚೆ, ಕಡಲೆಕಾಳಿನಷ್ಟು ಗಾತ್ರದ, ಕಾಲಿಗೆ ಮೆಟ್ಟುವ ಮರದ ಜೋಡು, ಒಂದರ ಪಕ್ಕ ಒಂದು, ಒಪ್ಪವಾಗಿ ಕೂತಿತ್ತು. ನಿನ್ನೆ ಸಂಜೆ ಅದನ್ನು ಒಳಗೆ ಒಲೆಯ ಬಳಿ ಇಟ್ಟವನು ಅವನೇ. ಬರೀ ಇಟ್ಟಿರಲಿಲ್ಲ, ಅಂಟು ಹಾಕಿ ಕೂರಿಸಿದ್ದ.

ಕಡಲಾಚೆಯ ಹಾರ್ನ್‌ಬಿ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಅವನು ಇಂಜಿನಿಯರ್. ಮನೆಗಳ ಮಾದರಿ ಮಾಡುವುದೆಂದರೆ ಹುಚ್ಚು. ಎಂದೋ ಜರ್ಮನಿಯಿಂದ ಹಡಗು ಹತ್ತಿ ಬಂದ ಕುಟುಂಬವೊಂದು ಹತ್ತಿರದ ಬ್ಯಾಂಕ್ಸ್ ಪೆನಿನ್ಸುಲಾದ ಗುಡ್ಡದಲ್ಲಿ ಕಟ್ಟಿಕೊಂಡಿದ್ದ ತೋಟದ ಮನೆ ಕಳೆದ ವರ್ಷದ ಭೂಕಂಪದಲ್ಲಿ ಕುಸಿದಿತ್ತು. ಅದರ ಮಾದರಿ ಮಾಡಿಕೊಡಿ ಎಂದು ಅಲ್ಲಿನ ಸಣ್ಣ ಮ್ಯೂಸಿಯಂನವರು ಕೇಳಿದ್ದೇ ತಡ, ಒಪ್ಪಿಬಿಟ್ಟ. ಹಳೇ ಫೋಟೊಗಳನ್ನು ಮುಂದಿಟ್ಟುಕೊಂಡು, ಬಿದ್ದ ಮನೆಯದೇ ತೊಲೆಗಳನ್ನು ಸೀಳಿ, ರಜೆಗಳನ್ನೆಲ್ಲ ಅದಕ್ಕೇ ಸುರಿದ. ಅಮ್ಮ ತೀರಿಕೊಂಡ ಮೇಲೆ ಅವರ ಕೋಣೆ ಖಾಲಿ ಬಿದ್ದಿತ್ತು. ಮೇಜನ್ನು ಅಲ್ಲೇ ಹಾಕಿಕೊಂಡಿದ್ದ.

"ಮತ್ತೆ ಬಂದಿದೆಯೇನ್ರೀ ಹೊರಗೆ?" ಹೆಂಡತಿ ಗೀತಾ ಬಾಗಿಲಲ್ಲೇ ನಿಂತು ಕೇಳಿದಳು. ಆಸ್ಪತ್ರೆಯಲ್ಲಿ ನರ್ಸು. ಹೆಣಕ್ಕೂ ಹೆದರದವಳು ಈಗ ಈ ಕೋಣೆಗೆ ಕಾಲಿಡುತ್ತಿರಲಿಲ್ಲ.

"ಭೂಕಂಪದ ಆಫ್ಟರ್‌ಶಾಕ್ ಇರ್ಬೇಕು ಕಣೇ."

"ಮನೆಯೆಲ್ಲ ಬಿಟ್ಟು ಜೋಡು ಮಾತ್ರ ಅಲ್ಲಾಡೋ ಆಫ್ಟರ್‌ಶಾಕಾ? ಯಾರ ಕಿವಿಗ್ರೀ ಹೂವ ಇಡ್ತೀರಾ!"

ಬದರಿನಾಥ ಮೇಜಿನ ಮೇಲಿದ್ದ ಹಳೇ ಫೋಟೊ ಎತ್ತಿಕೊಂಡ. ಅವನಿಗೂ ಒಳಗೊಳಗೇ ಅಳುಕು. ಫೋಟೊದಲ್ಲಿ ಆ ಮನೆ ಕಟ್ಟಿದವನ ಹೆಂಡತಿ ಇದ್ದಳು. ಕರೀ ಉಡುಪಿನ ಮುದುಕಿ, ಒಲೆಯ ಪಕ್ಕ ಕೂತು ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಿದ್ದಳು. ಸತ್ತಿದ್ದೂ ಅದೇ ಮನೆಯಲ್ಲಂತೆ.

"ಚಪ್ಪಲಿ ಹೊರಗಿದ್ರೆ ಏನರ್ಥ? ಯಾರೋ ಒಳಗೆ ಬಂದಿದಾರೆ ಅಂತ ತಾನೇ?" ಗೀತಾ ಬಾಗಿಲಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ಆ ಮುದುಕಿ ತೊಲೆ ಜೊತೇಲೇ ಬಂದಿದಾಳೆ. ಊರಿಗೆ ಬಂದೋಳು ನೀರಿಗೆ ಬರಲ್ವಾ? ಇವತ್ತು ಈ ಬೊಂಬೆ ಮನೆ, ನಾಳೆ ನಮ್ಮ ಅಡಿಗೆಮನೆ."

"ಹಾಗೆಲ್ಲ ಅನ್ಬೇಡ್ವೇ."

"ಅತ್ತೆ ಇದ್ದಿದ್ರೆ ಇಂಥದ್ದನ್ನೆಲ್ಲ ಗೇಟಿನ ಒಳಗೇ ಬಿಡ್ತಿರಲಿಲ್ಲ. ಅಷ್ಟು ದಿನ ಕೈಯಾರೆ ತುತ್ತು ಕೊಟ್ಟು ನೋಡ್ಕೊಂಡೆ, ಹೋಗೋವಾಗ ಒಂದು ಮಾತೂ ಆಡದೆ ಹೋಗ್ಬಿಟ್ರು. ಅವರ ಜಾಗಕ್ಕೆ ಗುರುತು ಪರಿಚಯ ಇಲ್ಲದ ಯಾವಳನ್ನೋ ತಂದು ಕೂರಿಸಿದೀರಿ." ಅವಳು ಸೆರಗಿಲ್ಲದ ನೈಟಿಯ ತೋಳಲ್ಲೇ ಕಣ್ಣೊರೆಸಿಕೊಂಡಳು. "ಶನಿವಾರದೊಳಗೆ ಇದು ಹೋಗ್ಬೇಕು. ಇಲ್ದಿದ್ರೆ ನಾನು ಮೌಂಟ್ ಆಲ್ಬರ್ಟ್‌ಗೆ, ಅಕ್ಕನ ಮನೆಗೆ. ವಾಪಸ್ ಬರಲ್ಲ, ಹೇಳಿದೀನಿ."

ಗೀತಾ ಬಾಯಿಮಾತಿಗೆ ಹೆದರಿಸುವ ಪೈಕಿಯಲ್ಲ. ಮಾದರಿಯ ಚಿಮಣಿ ಇನ್ನೂ ಅರ್ಧವಾಗಿತ್ತು. ಆದರೂ ಬದರಿನಾಥ ಮ್ಯೂಸಿಯಂಗೆ ಫೋನ್ ಮಾಡಿ, ಇದ್ದಂತೆಯೇ ಒಯ್ಯಲು ಹೇಳಿದ. ಹೆಂಡತಿಗಿಂತ ಚಿಮಣಿ ದೊಡ್ಡದೇ?

ಶನಿವಾರ ಬೆಳಿಗ್ಗೆ ಹೊರಗೆ ಸಾಮಾನು ಸಾಗಿಸುವ ಯೂಟ್ ಗಾಡಿ ಬಂದು ನಿಂತ ಸದ್ದಾಯಿತು. ಗೀತಾ ಅಡಿಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದಳು. ಅವಳ ಸೂಟ್‌ಕೇಸು ಆಗಲೇ ಮುಂಬಾಗಿಲ ಬಳಿ ಬಂದು ಕೂತಿತ್ತು. ಗಂಡನ ಮಾತಿನ ಮೇಲೆ ಅವಳಿಗಿದ್ದ ನಂಬಿಕೆ ಅಷ್ಟು.

"ಬಾಗಿಲು ತೆಗೆದಿದೆ, ಒಳಗೆ ಬನ್ನಿ," ಎಂದು ಬದರಿನಾಥ ಕೋಣೆಯಿಂದಲೇ ಇಂಗ್ಲಿಷಿನಲ್ಲಿ ಕೂಗಿದ.

ಉಣ್ಣೆಯ ಕಾಲುಚೀಲದಲ್ಲಿ ಹೆಜ್ಜೆಯಿಡುತ್ತ ಎತ್ತರದ ಹೆಂಗಸು ಒಳಗೆ ಬಂದಳು. ಮ್ಯೂಸಿಯಂನವರು ಕಳಿಸಿದ ಹಿಲ್ಡಾ, ಆ ಜರ್ಮನ್ ಮನೆತನದ ನಾಲ್ಕನೆಯ ತಲೆಮಾರು. ಮಾದರಿಯನ್ನು ನೋಡಿದ್ದೇ ಕಣ್ಣು ತುಂಬಿಕೊಂಡು, "ಥೇಟ್ ನಮ್ಮ ಮನೆಯೇ," ಎಂದಳು.

ಬದರಿನಾಥನಿಗೆ ತಡೆಯಲಾಗಲಿಲ್ಲ. "ನಿಮ್ಮ ಮುತ್ತಜ್ಜಿ... ಜೋಡನ್ನು ಬಾಗಿಲಾಚೆ ಬಿಡುತ್ತಿದ್ದರೇ?"

"ಆಚೆಯೇ? ಚಳಿಗೆ ಕಲ್ಲಾಗಲಿಕ್ಕಾ?" ಹಿಲ್ಡಾ ನಕ್ಕಳು. "ಒಲೆಯ ಮುಂದೆಯೂ ಅವಳು ಜೋಡು ಮೆಟ್ಟಿಕೊಂಡೇ ಇರುತ್ತಿದ್ದಳಂತೆ. ಹೊರಗೆ ಬಿಡುವ ಪದ್ಧತಿಯೇ ನಮ್ಮಲ್ಲಿಲ್ಲ."

ಚಹಾ ಹಿಡಿದು ಬಂದ ಗೀತಾ ಕೋಣೆಯ ಬಾಗಿಲಲ್ಲಿ ಗಕ್ಕನೆ ನಿಂತಳು. ಹಿಲ್ಡಾಳ ಬರಿಯ ಕಾಲುಚೀಲವನ್ನೇ ನೋಡಿದಳು.

"ಮತ್ತೆ ನೀವು ಯಾಕೆ ಬೂಟು ಬಿಚ್ಚಿ ಬಂದಿರಿ?"

"ಅಲ್ಲಿ ಮುಂಬಾಗಿಲಲ್ಲಿ, ನಿಮ್ಮ ಸೂಟ್‌ಕೇಸನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಾರಲ್ಲ, ಸೀರೆ ಉಟ್ಟ ಅಜ್ಜಿ, ಅವರು ಬೂಟಿನತ್ತ ಬೆರಳು ಮಾಡಿ ಗದರಿಸಿದರು," ಎಂದಳು ಹಿಲ್ಡಾ.