ನಾಲಿಗೆಯ ಥರ್ಮಾಮೀಟರು

ಯಾವ ವಸ್ತು ಎಷ್ಟು ಡಿಗ್ರಿಗೆ ಕರಗುತ್ತದೆ ಎಂಬುದು ದೇವರಿಗೆ ಗೊತ್ತು. ಅವನು ಮರೆತರೆ ರಸಾಯನಶಾಸ್ತ್ರದ ಮೇಷ್ಟ್ರಾದ ನನ್ನನ್ನು ಕೇಳುತ್ತಾನೆ. ಹೆಣ್ಣು ನೋಡಲು ಹೋದ ಮನೆಯಲ್ಲೂ ನಾನಿದನ್ನು ಮುಚ್ಚಿಡಲಿಲ್ಲ. ಸೋಡಿಯಂ ತೊಂಬತ್ತೆಂಟು, ಪೊಟ್ಯಾಸಿಯಂ ಅರವತ್ಮೂರು, ಸೀಸಿಯಂ ಇಪ್ಪತ್ತೆಂಟು ಎಂದು ಒಂದೇ ಉಸಿರಿಗೆ ಹೇಳಿದೆ. ಹುಡುಗಿ ನಕ್ಕಳು. ನಾನು ಸೀಸಿಯಂಗಿಂತ ಮೊದಲೇ ಕರಗಿಹೋದೆ. ಮೂಲವ್ಯಾಧಿಯಿಂದ ಒಂದೇ ಮಗ್ಗುಲಿಗೆ ವಾಲಿ ಕೂತಿದ್ದ ಅವಳ ತಾತ ಕೂಡ ಕಿವಿಗೊಟ್ಟು ಕೇಳುತ್ತಿದ್ದರು.

ಆದರೆ ಆ ಮನೆಯವರು ಕೊಟ್ಟ ಮೈಸೂರುಪಾಕು ಮೇಣದ ಹಾಗೆ ಅಂಗುಳಕ್ಕೆ ಅಂಟಿಕೊಂಡಿತು. ಹೇಸಿಗೆಯಾಗಿ ಕರವಸ್ತ್ರಕ್ಕೆ ಉಗಿದೆ.

“ಇದು ತುಪ್ಪ ಅಲ್ಲ, ವನಸ್ಪತಿ. ನಲವತ್ತು ಡಿಗ್ರಿ ದಾಟದೆ ಕರಗಲ್ಲ. ನನ್ನ ನಾಲಿಗೆ ಯಾವತ್ತೂ ತಪ್ಪು ಹೇಳಿಲ್ಲ,” ಎಂದೆ.

ಹುಡುಗಿಯ ತಾಯಿ ಮುಖ ಗಂಟಿಕ್ಕಿಕೊಂಡು ಒಳಹೋದರು. ಫ್ರಿಜ್‌ನಿಂದ ಬೆರಳ ತುದಿಯಷ್ಟು ಬಿಳಿಯ ಚೂರೊಂದನ್ನು ಬಟ್ಟಲಲ್ಲಿ ತಂದು ನನ್ನ ಮುಂದಿಟ್ಟರು.

“ಹಾಗಾದ್ರೆ ಇದು ಎಷ್ಟಕ್ಕೆ ಕರಗತ್ತೆ ಹೇಳಿ. ಸರಿಯಾದ್ರೆ ಇವತ್ತೇ ತಾಂಬೂಲ ಬದಲಾಯಿಸ್ಕೊಳ್ಳೋಣ. ತಪ್ಪಾದ್ರೆ ನಮ್ಮ ಹುಡುಗಿ ಆಸೆ ಬಿಟ್ಬಿಡಿ.”

ಬಾಯಿಗೆ ಹಾಕಿಕೊಂಡೆ. ಜಿಡ್ಡುಜಿಡ್ಡು, ಕಹಿ. ಕರಗುವವರೆಗೆ ಕಾಯಲಾರದೆ, ಹುಡುಗಿಯ ಮುಖ ನೋಡಿಕೊಂಡು ಗುಳುಂ ಎಂದು ನುಂಗಿಬಿಟ್ಟೆ.

“ಮೂವತ್ನಾಲ್ಕು ಡಿಗ್ರಿ. ಮನುಷ್ಯನ ಮೈಬಿಸಿ ತಾಗಿದ್ರೆ ಸಾಕು, ನೀರಾಗತ್ತೆ.”

ತಾತ ಬೇಸರದಿಂದ ತಲೆಯಾಡಿಸಿದರು.

“ತಪ್ಪಾಯ್ತಲ್ಲಪ್ಪ. ಮೂಲವ್ಯಾಧಿಗೆ ಅಂತ ಹಿಂದಿನಿಂದ ಇಟ್ಕೊಂಡಿದ್ದೆ, ನಿನ್ನೆ ರಾತ್ರಿಯೆಲ್ಲ ನನ್ನ ಒಳಗೇ ಇತ್ತು, ಕರಗಲೇ ಇಲ್ಲ. ಬೆಳಿಗ್ಗೆ ತೊಳೆದು ಫ್ರಿಜ್ಜಲ್ಲಿಟ್ಟಿದ್ದೆ.”