ಸೋಮಾರಿ ಅಲ್ವಂತೆ!

ವಿಶ್ವವಿದ್ಯಾಲಯದ ಆಸ್ಪತ್ರೆಯ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಇಳಿದ ಹುಡುಗಿ ಅಂಗಳ ಮುಟ್ಟುವ ಮೊದಲೇ ಅಮ್ಮನಿಗೆ ಫೋನ್ ಮಾಡಿದಳು. ಆ ಕಡೆ ಹೊಲಿಗೆ ಯಂತ್ರ ಕಟಕಟ ಅನ್ನುತ್ತಿತ್ತು.

"ಅಮ್ಮಾ, ನಾನು ಸೋಮಾರಿ ಅಲ್ವಂತೆ! ಇದು ಕಾಯಿಲೆಯಂತೆ, ಖಿನ್ನತೆ ಅಂತ. ವಾಸಿಯಾಗುತ್ತಂತೆ!"

"ಕಾಯಿಲೆ ಅಂತ ಕುಣಿದಾಡ್ತಿದ್ದೀಯಲ್ಲೇ, ತಲೆ ನೆಟ್ಟಗಿದೆಯಾ?"

"ಇಲ್ಲ, ಅದನ್ನೇ ಹೇಳ್ತಿರೋದು!" ಹುಡುಗಿ ನಕ್ಕೇಬಿಟ್ಟಳು. ಎಷ್ಟೋ ತಿಂಗಳ ಮೇಲೆ ತನ್ನ ನಗು ಕೇಳಿ ಅವಳಿಗೇ ಅಚ್ಚರಿಯಾಯಿತು. ಪರೀಕ್ಷೆಗೆ ಹೋಗದೆ ಹಾಸ್ಟೆಲ್ ಮಂಚದಲ್ಲೇ ಬಿದ್ದಿದ್ದು, ಮೈಗಳ್ಳಿ ಎಂದು ಮನೆಯಲ್ಲಿ ಬೈಸಿಕೊಂಡದ್ದು, ಎಲ್ಲಕ್ಕೂ ಈಗ ಒಂದು ಹೆಸರು ಸಿಕ್ಕಿತ್ತು. ಡಾಕ್ಟರಮ್ಮ ಕೇಳಿದ್ದನ್ನೆಲ್ಲ ಅವಳು ಒಂದೇ ಸಮನೆ ಒಪ್ಪಿಸಿದಳು. "ಬೆಳಿಗ್ಗೆ ಏಳೋಕೇ ಮನಸ್ಸಾಗಲ್ವಾ, ಊಟ ರುಚಿಸಲ್ವಾ, ಕಾರಣ ಇಲ್ದೆ ಅಳು ಬರುತ್ತಾ, ಇದ್ರೂ ಒಂದೇ ಇಲ್ದಿದ್ರೂ ಒಂದೇ ಅನ್ಸುತ್ತಾ ಅಂದ್ರು. ಎಲ್ಲದಕ್ಕೂ ಹೌದು ಅಂದೆ ಅಮ್ಮಾ!"

ಹೊಲಿಗೆ ಯಂತ್ರ ನಿಂತಿತು. ಇನ್ನೇನು ಬೈಗುಳ ಬಂತು ಎಂದುಕೊಂಡ ಹುಡುಗಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಪುಟ್ಟೀ," ಅಮ್ಮನ ದನಿ ತಗ್ಗಿತ್ತು. "ಎಷ್ಟೋ ವರ್ಷದಿಂದ ನನಗೂ ಹಾಗೇ ಆಗುತ್ತೆ ಕಣೇ. ಎಲ್ಲರಿಗೂ ಹಾಗೇ ಇರುತ್ತೆ ಅಂದ್ಕೊಂಡಿದ್ದೆ. ಆ ಡಾಕ್ಟರಮ್ಮ ನನ್ನ ವಯಸ್ಸಿನವರನ್ನೂ ನೋಡ್ತಾರಾ?"