ಕಾಯಿ ಸಮೇತ

ಹೊಸ ಫ್ರಾಕ್ ಹಾಕಿಕೊಂಡಿದ್ದ ಮಗಳು ಚಪ್ಪರದ ಕೆಳಗಿನಿಂದ ಕೂಗಿದಳು. "ಅಮ್ಮಾ, ಈ ಕಾಯಿ ನಾಲಿಗೆ ಚಾಚ್ತಿದೆ!"

ತಾಯಿ ಬಂದು ನೋಡಿದಳು. ಬಳ್ಳಿಯಲ್ಲಿ ತೂಗುತ್ತಿದ್ದ ಸೀಮೆಬದನೆಯ ಬೊಚ್ಚುಬಾಯಿಯಿಂದ ಹಸಿರು ಮೊಳಕೆಯೊಂದು ಹೊರಗೆ ಇಣುಕಿತ್ತು.

"ಇದು ಹಾಗೇನೇ ಪುಟ್ಟಿ. ಬಳ್ಳಿಯಲ್ಲಿ ಇರೋವಾಗ್ಲೇ ಮೊಳಕೆ ಬಂದ್ಬಿಡುತ್ತೆ. ಮಣ್ಣು ಸಿಗೋವರೆಗೂ ಕಾಯಲ್ಲ."

"ಬೀಜ ಬಿಡಿಸಿ ಕೊಡಮ್ಮ. ಹಾಸ್ಟೆಲಲ್ಲಿ ನೆಡ್ತೀನಿ."

"ಬಿಡಿಸಬಾರದು. ಕಾಯಿ ಬಿಟ್ರೆ ಈ ಬೀಜ ಒಣಗಿ ಹೋಗುತ್ತೆ. ಕಾಯಿ ಸಮೇತ ನೆಡಬೇಕು."

ಕಾಯನ್ನು ಕಿತ್ತು ಮಗಳ ಕೈಗಿಟ್ಟಳು. ಆಗಲೇ ಹೆಣೆದು ಮುಗಿಸಿದ್ದ ಅವಳ ಜಡೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯತೊಡಗಿದಳು.

"ಅಲ್ಲಿ ನಾಯಿ ಇರುತ್ತಾ? ಪುಸ್ತಕದ್ದಲ್ಲ, ನಿಜವಾದ್ದು?"

"ಇರುತ್ತೆ."

"ಬಸ್ಸು?"

"ಅದೂ ಇರುತ್ತೆ. ಅಲ್ಲಾಡಬೇಡ."

"ಅಲ್ಲಿ ನೀನು ಗೋಡೆ ಕಡೆ ಮಲಗ್ತೀಯಾ, ನಾನು ಮಲಗ್ಲಾ?"

ತಾಯಿಯ ಬೆರಳುಗಳು ಜಡೆಯಲ್ಲೇ ನಿಂತುಬಿಟ್ಟವು.

"ಎಷ್ಟೊತ್ತಮ್ಮ, ವ್ಯಾನ್ ಬಂದು ನಿಂತಿದೆ," ಎಂದು ಬಾಗಿಲಲ್ಲಿ ಕಾಯುತ್ತಿದ್ದ ಹೆಂಗಸು ಕರೆದಳು.

ತಾಯಿ ಮಗಳ ಕೈ ಹಿಡಿದು ಬಾಗಿಲವರೆಗೆ ಬಂದಳು. ಮಗಳು ಸೀಮೆಬದನೆಯನ್ನು ಎತ್ತಿ ಆ ಹೆಂಗಸಿಗೆ ತೋರಿಸಿದಳು. "ಆಂಟಿ, ಇದನ್ನ ಕಾಯಿ ಸಮೇತಾನೇ ನೆಡಬೇಕಂತೆ. ಬಿಡಿಸಿದ್ರೆ ಸತ್ತೋಗುತ್ತಂತೆ."

ಹೆಂಗಸು ತಲೆಯಾಡಿಸಿದಳು. ಮಗುವಿನ ಹೆಗಲ ಮೇಲೆ ಕೈಯಿಟ್ಟಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು.

"ಆರು ವರ್ಷ ತುಂಬಿದ ಮೇಲೆ ಮಗೂನ ಜೈಲಲ್ಲಿ ಇಟ್ಕೊಳ್ಳೋ ಹಾಗಿಲ್ಲ ಕಣಮ್ಮ. ಕೈ ಬಿಡು."